ಉಲ್ಲೇಖದ ಕಾಲಾಂತರ: ನಿಡುಗಲ್ಲಿನ ಶಾಸನ ಮತ್ತು ಪದ್ಮಪ್ರಭ ಮಲಧಾರಿದೇವರ ನಿಯಮಸಾರಟೀಕೆ

ಗ್ರಂಥಗಳ ಕಾಲನಿರ್ಣಯದಲ್ಲಿ ಉಲ್ಲೇಖಕ್ಕೆ ಇರುವ ಪ್ರಾಮುಖ್ಯವು ವಿದ್ವಾಂಸರಿಗೆ ಸುವಿದಿತವಾದುದು. ಯಾವ ಗ್ರಂಥದಲ್ಲಿ ಮತ್ತೊಂದು ಗ್ರಂಥದ ವಾಕ್ಯವು ಉದ್ಧೃತವಾಗಿರುವುದೋ ಆ ಗ್ರಂಥವು ಈಚಿನದು, ಉದ್ಧೃತವಾದುದು ಅದಕ್ಕಿಂತ ಪ್ರಾಚೀನವಾದುದು. ಈ ಸರಳವಾದ ನ್ಯಾಯವನ್ನು ಆಧರಿಸಿಯೇ ನಮ್ಮ ಆಚಾರ್ಯಪರಂಪರೆಯ ಕಾಲಕ್ರಮದ ಬಹುಭಾಗವು ನಿಂತಿದೆ. ಆದರೆ ಈ ಎರಡರ ನಡುವೆ ಕಳೆದ ವರ್ಷಗಳೆಷ್ಟು, ಆ ಅಂತರವು ಒಂದೆಡೆ ಅಲ್ಪವಾಗಿಯೂ ಮತ್ತೊಂದೆಡೆ ದೀರ್ಘವಾಗಿಯೂ ಇರಲು ಕಾರಣವೇನು ಎಂಬ ಪ್ರಶ್ನೆಯು ಅಷ್ಟಾಗಿ ವಿಚಾರಕ್ಕೆ ಬಂದಿಲ್ಲ. ಅದನ್ನು ಪಾವಗಡ ಸೀಮೆಯ ಒಂದು ಶಾಸನವನ್ನೂ ಅದಕ್ಕೆ ಸಂಬಂಧಪಟ್ಟ ಒಂದು ಸಂಸ್ಕೃತ ಟೀಕೆಯನ್ನೂ ಮುಂದಿಟ್ಟುಕೊಂಡು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ವಿಚಾರವು ಈಗ ಕೇವಲ ಕುತೂಹಲದ ವಿಷಯವಾಗಿ ಉಳಿದಿಲ್ಲ. ಅಮೆರಿಕದ ಯೂಜೀನ್ ಗಾರ್ಫೀಲ್ಡ್ ಅವರು 1955ರಲ್ಲಿ ವಿಜ್ಞಾನಲೇಖನಗಳ ಉಲ್ಲೇಖಸೂಚಿಯೊಂದನ್ನು ಸಿದ್ಧಪಡಿಸುವ ಯೋಜನೆಯನ್ನು ವಿದ್ವತ್ಪ್ರಪಂಚದ ಮುಂದಿಟ್ಟರು. ಅದರಿಂದ ಬೆಳೆದ ಗಣನಾಪದ್ಧತಿಯಲ್ಲಿ ಪತ್ರಿಕೆಯ ‘ಪ್ರಭಾವಾಂಕ’ವೆಂಬ ಅಳತೆಯು ಪ್ರಸಿದ್ಧವಾಯಿತು. ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟವಾದ ಲೇಖನಗಳನ್ನು ಪ್ರಸ್ತುತ ವರ್ಷದಲ್ಲಿ ಇತರರು ಸರಾಸರಿ ಎಷ್ಟು ಬಾರಿ ಉಲ್ಲೇಖಿಸಿದ್ದಾರೆ ಎಂಬುದು ಅದರ ಲೆಕ್ಕ. ಹಸ್ತಪ್ರತಿಶಾಸ್ತ್ರ, ಶಾಸನಶಾಸ್ತ್ರಗಳಲ್ಲಿ ದುಡಿಯುವ ಕಿರಿಯ ವಿದ್ವಾಂಸರ ಪರಿಶ್ರಮಕ್ಕೂ ಇಂತಹ ಅಳತೆಗಳನ್ನು ಹಚ್ಚುವ ಪ್ರವೃತ್ತಿ ಕಾಣಿಸುತ್ತಿದೆ. ನಮ್ಮ ಶಾಸ್ತ್ರದಲ್ಲಿ ಉಲ್ಲೇಖವು ಯಾವ ಗತಿಯಲ್ಲಿ ನಡೆಯುತ್ತದೆ ಎಂಬುದನ್ನು ತಿಳಿಯದೆ ಈ ಅಳತೆಯನ್ನು ಒಪ್ಪುವುದಾಗಲಿ ತಿರಸ್ಕರಿಸುವುದಾಗಲಿ ಯುಕ್ತವಲ್ಲ.

ತುಮಕೂರು ಜಿಲ್ಲೆಯ ಉತ್ತರಭಾಗದಲ್ಲಿರುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು ಪ್ರಾಚೀನ ನೊಳಂಬವಾಡಿಯ ಸೀಮೆಗೆ ಹೊಂದಿಕೊಂಡ ಪ್ರದೇಶ. ಮಧುಗಿರಿಯಲ್ಲಿ ಇಂದಿಗೂ ಮಲ್ಲಿನಾಥ ಬಸದಿಯಿದೆ. ಪಾವಗಡ ತಾಲ್ಲೂಕಿನ ನಿಡುಗಲ್ಲು ದುರ್ಗವು ಹನ್ನೆರಡು ಹದಿಮೂರನೆಯ ಶತಮಾನಗಳಲ್ಲಿ ಚೋಳರೆಂದು ಹೇಳಿಕೊಂಡ ಒಂದು ಸಾಮಂತವಂಶಕ್ಕೆ ನೆಲೆಯಾಗಿದ್ದಿತು. ಈ ವಂಶದವರ ಮತ್ತೊಂದು ನೆಲೆಯಾದ ಹೆಂಜೇರು, ಎಂದರೆ ಇಂದಿನ ಹೇಮಾವತಿ, ಮಡಕಶಿರಾ ಸೀಮೆಯಲ್ಲಿದ್ದು ಈಗ ಆಂಧ್ರಪ್ರದೇಶಕ್ಕೆ ಸೇರಿದೆ. ನಿಡುಗಲ್ಲು, ಹೆಂಜೇರು, ಪಾಟಶಿವರಂ, ಅಮರಾಪುರಗಳು ಇಂದು ರಾಜ್ಯದ ಗಡಿಯ ಎರಡು ಬದಿಗೆ ಹಂಚಿಹೋಗಿದ್ದರೂ ಆ ಕಾಲದಲ್ಲಿ ಒಂದೇ ಧರ್ಮಕ್ಷೇತ್ರದ ಅಂಗಗಳಾಗಿದ್ದವು.

ನಿಡುಗಲ್ಲು ಬೆಟ್ಟದ ಜೈನಶಾಸನವು ಕ್ರಿ.ಶ. 1232ಕ್ಕೆ ಸೇರಿದುದು. ಇರುಂಗೋಳನ ಆಳ್ವಿಕೆಯಲ್ಲಿ ಗಂಗೇಯನ ಮಾರೆಯನೆಂಬ ಶ್ರಾವಕನು ಆ ಬೆಟ್ಟದಲ್ಲಿ ಪಾರ್ಶ್ವಜಿನನ ಬಸದಿಯನ್ನು ಮಾಡಿಸಿದನು. ಅವನ ಬಿನ್ನಹದಂತೆ ಅರಸನು ಅದಕ್ಕೆ ಭೂಮಿಯನ್ನು ದತ್ತಿಯಾಗಿ ಬಿಟ್ಟನು. ಮಾರೆಯನ ಗುರು ನೇಮಿಪಂಡಿತರು. ನೇಮಿಪಂಡಿತರ ಗುರುಗಳು ಪದ್ಮಪ್ರಭ ಮಲಧಾರಿದೇವರು, ಅವರ ಗುರುಗಳು ವೀರನಂದಿ ಸಿದ್ಧಾಂತಚಕ್ರವರ್ತಿಗಳು. ಇವರೆಲ್ಲರೂ ಮೂಲಸಂಘ, ದೇಶಿಯಗಣ, ಪುಸ್ತಕಗಚ್ಛ, ಕೊಂಡಕುಂದಾನ್ವಯಕ್ಕೆ ಸೇರಿದವರು. ಪದ್ಮಪ್ರಭರು ಸಮಾಧಿಯನ್ನು ಹೊಂದಿದ ಶಕ 1107ನೆಯ (ಕ್ರಿ.ಶ. 1185-86) ವರ್ಷವನ್ನು ತಿಳಿಸುವ ಶಿಲಾಲೇಖವು ಪಾಟಶಿವರಂನಲ್ಲಿದೆ. ಹೀಗೆ ಗುರುವಿನ ನಿಧನಕ್ಕೂ ಶಿಷ್ಯನ ಶಿಷ್ಯನು ಅವರನ್ನು ಕಲ್ಲಿನಲ್ಲಿ ಸ್ಮರಿಸಿದ ಕಾಲಕ್ಕೂ ನಡುವೆ ನಲವತ್ತಾರು ನಲವತ್ತೇಳು ವರ್ಷಗಳು ಕಳೆದಿವೆ. ಒಂದು ಗುರುಪರಂಪರೆಯಲ್ಲಿ ಬಾಯಿಂದ ಬಾಯಿಗೆ ಬಂದ ಸ್ಮರಣೆಯು ಉಳಿಯಬಹುದಾದ ಸಹಜವಾದ ಅವಧಿ ಇದು.

ಈ ಪದ್ಮಪ್ರಭ ಮಲಧಾರಿದೇವರೇ ಕುಂದಕುಂದಾಚಾರ್ಯರ ನಿಯಮಸಾರಕ್ಕೆ ತಾತ್ಪರ್ಯವೃತ್ತಿಯೆಂಬ ಸಂಸ್ಕೃತ ಟೀಕೆಯನ್ನು ರಚಿಸಿದವರು. ಸಮಯಸಾರ, ಪ್ರವಚನಸಾರ, ಪಂಚಾಸ್ತಿಕಾಯಗಳಿಗೆ ಹತ್ತನೆಯ ಶತಮಾನದಲ್ಲಿಯೇ ಅಮೃತಚಂದ್ರಸೂರಿಗಳ ಟೀಕೆಗಳು ಹುಟ್ಟಿದ್ದವು. ಅನಂತರ ಅವೇ ಮೂರಕ್ಕೆ ಜಯಸೇನರೂ ಟೀಕೆಗಳನ್ನು ಬರೆದರು. ನಿಯಮಸಾರಕ್ಕೆ ಇವರಿಬ್ಬರ ಟೀಕೆಗಳೂ ಇಲ್ಲ. ಕುಂದಕುಂದರ ಕಾಲವನ್ನು ಕ್ರಿಸ್ತಶಕದ ಆರಂಭವೆಂದು ಎಣಿಸುವ ಪಕ್ಷವನ್ನು ಒಪ್ಪಿದರೆ, ಇಂದು ನಮಗೆ ದೊರೆತಿರುವ ಈ ಪ್ರಾಚೀನ ಟೀಕೆಯು ಮೂಲಗ್ರಂಥಕ್ಕಿಂತ ಸಾವಿರಕ್ಕೂ ಮಿಗಿಲಾದ ವರ್ಷಗಳ ಅನಂತರದ್ದೆಂದಾಯಿತು. ಮೂಲವು ಮೌಲ್ಯಹೀನವಾದುದರಿಂದ ಅದಕ್ಕೆ ಟೀಕೆ ಹುಟ್ಟಲಿಲ್ಲವೆಂದು ಯಾವ ಜೈನವಿದ್ವಾಂಸನೂ ಹೇಳಲಾರನು.

ಪದ್ಮಪ್ರಭರು ತಮ್ಮ ಟೀಕೆಯಲ್ಲಿ ಹೆಸರಿಸುವ ಆಚಾರ್ಯರನ್ನೂ ಗ್ರಂಥಗಳನ್ನೂ ಕಾಲಕ್ರಮದಲ್ಲಿ ಜೋಡಿಸಿ ನೋಡಿದರೆ ಒಂದು ಕ್ರಮವು ಗೋಚರಿಸುತ್ತದೆ. ಸಮಂತಭದ್ರ, ಪೂಜ್ಯಪಾದ, ಸಿದ್ಧಸೇನ, ಅಕಲಂಕ, ವಿದ್ಯಾನಂದಿ ಮೊದಲಾದವರು ಅವರಿಗೆ ಬಹು ಶತಮಾನಗಳ ಹಿಂದಿನವರು. ಒಂಬತ್ತನೆಯ ಶತಮಾನದ ಗುಣಭದ್ರರು ಸುಮಾರು ಮುನ್ನೂರು ವರ್ಷ ಹಿಂದಿನವರು. ಅಮೃತಚಂದ್ರರು ಸುಮಾರು ಎರಡು ಶತಮಾನ ಹಿಂದಿನವರು. ಯಶಸ್ತಿಲಕವನ್ನು 959ರಲ್ಲಿ ಮುಗಿಸಿದ ಸೋಮದೇವರು ಇನ್ನೂರಿಪ್ಪತ್ತು ವರ್ಷಗಳಷ್ಟು, ಪಾರ್ಶ್ವನಾಥಚರಿತವನ್ನು 1025ರಲ್ಲಿ ರಚಿಸಿದ ವಾದಿರಾಜರು ನೂರೈವತ್ತು ವರ್ಷಗಳಷ್ಟು ಹಿಂದಿನವರು. ಇವರೊಡನೆ ಪದ್ಮನಂದಿಗಳ ಏಕತ್ವಸಪ್ತತಿಯೂ ಉದ್ಧೃತವಾಗಿದೆ. ಅದು ಟೀಕಾಕಾರರಿಗೆ ಬಹಳ ದೂರದ ಕೃತಿಯಲ್ಲ. ಎಂದರೆ ಒಂದು ಕಡೆ ಎಲ್ಲರೂ ಪ್ರಮಾಣವೆಂದು ಮನ್ನಿಸುವ ಪ್ರಾಚೀನಾಚಾರ್ಯರ ಸಮೂಹ, ಮತ್ತೊಂದು ಕಡೆ ಟೀಕಾಕಾರರ ಕಾಲಕ್ಕೆ ಹತ್ತಿರವಾದ ಅಧ್ಯಾತ್ಮಗ್ರಂಥಗಳ ಸಮೂಹ. ಇವೆರಡನ್ನೂ ಒಂದೇ ಗಾಥೆಯ ವಿವರಣೆಯಲ್ಲಿ ಕೂಡಿಸುವುದು ಟೀಕಾಕಾರರ ಪದ್ಧತಿ.

ಡೆರೆಕ್ ಡಿ ಸೋಲಾ ಪ್ರೈಸ್ ಎಂಬ ವಿಜ್ಞಾನೇತಿಹಾಸಕಾರರು 1965ರಲ್ಲಿ ವಿಜ್ಞಾನಲೇಖನಗಳ ಅಡಿಟಿಪ್ಪಣಿಗಳನ್ನು ಎಣಿಸಿ ಇದನ್ನೇ ಹೋಲುವ ಒಂದು ವಿಭಾಗವನ್ನು ಕಂಡರು. ಲೇಖನಗಳ ಉಲ್ಲೇಖಗಳಲ್ಲಿ ಸುಮಾರು ಅರ್ಧಭಾಗವು ತೀರ ಈಚಿನ ಒಂದು ಸಣ್ಣ ಸಮೂಹದ ಕಡೆಗೂ ಉಳಿದರ್ಧವು ಹಿಂದಿನ ಸಮಸ್ತ ಸಾಹಿತ್ಯದ ಕಡೆಗೂ ಚದರಿರುತ್ತದೆ ಎಂಬುದು ಅವರ ನಿರ್ಣಯ. ಅದಕ್ಕೂ ಮೊದಲು, 1960ರಲ್ಲಿ, ಬರ್ಟನ್ ಮತ್ತು ಕೆಬ್ಲರ್ ಎಂಬವರು ಶಾಸ್ತ್ರಸಾಹಿತ್ಯಕ್ಕೆ ‘ಅರ್ಧಾಯುಷ್ಯ’ವೆಂಬ ಕಲ್ಪನೆಯನ್ನು ಅನ್ವಯಿಸಿ, ಒಂದೊಂದು ಶಾಸ್ತ್ರಕ್ಕೂ ಇದು ಬೇರೆ ಬೇರೆಯಾಗಿರುತ್ತದೆಂದು ತೋರಿಸಿದ್ದರು. ನಿಯಮಸಾರದ ಟೀಕಾಕಾರರು ಹಳೆಯದನ್ನೂ ಹೊಸದನ್ನೂ ಉದ್ಧರಿಸಿದ ರೀತಿಯು ಇದಕ್ಕೆ ತೀರ ಹೊರತಾದುದಲ್ಲ. ವ್ಯತ್ಯಾಸವಿರುವುದು ಕಾಲದ ಮಾನದಲ್ಲಿ. ರಸಾಯನಶಾಸ್ತ್ರಜ್ಞನಿಗೆ ಐದು ವರ್ಷವು ದೀರ್ಘಕಾಲ. ಟೀಕಾಕಾರನಿಗೆ ಐವತ್ತು ವರ್ಷವು ನಿನ್ನೆಯ ಮಾತು.

ಉಲ್ಲೇಖವು ತಡವಾಗಿ ಬಂದರೂ ಅದರ ಬಲವು ಕುಗ್ಗುವುದಿಲ್ಲ ಎಂಬುದಕ್ಕೂ ಇದೇ ಟೀಕೆಯು ನಿದರ್ಶನವನ್ನು ಒದಗಿಸುತ್ತದೆ. ಸ್ವರೂಪಸಂಬೋಧನವೆಂಬ ಇಪ್ಪತ್ತೈದು ಶ್ಲೋಕಗಳ ಕೃತಿಯು ಅಕಲಂಕದೇವರದೆಂಬ ಪ್ರತೀತಿ ಬಹುಕಾಲದಿಂದ ಇದೆ. ಪದ್ಮಪ್ರಭರಾದರೋ ಅದರ ಶ್ಲೋಕವೊಂದನ್ನು ಉದ್ಧರಿಸುವಾಗ ಮಹಾಸೇನಪಂಡಿತದೇವರ ಹೆಸರನ್ನು ಹೇಳುತ್ತಾರೆ. ಈ ಒಂದು ಉಲ್ಲೇಖವು ಆ ಕೃತಿಯ ಕರ್ತೃತ್ವವಿಚಾರದಲ್ಲಿ ಪ್ರಧಾನವಾದ ಸಾಕ್ಷ್ಯವಾಗಿದೆ. ಹಾಗೆಯೇ ಮಾರ್ಗಪ್ರಕಾಶದಂತಹ ಗ್ರಂಥದ ಹೆಸರನ್ನು ಈ ಟೀಕೆಯು ಉಳಿಸಿಕೊಟ್ಟಿದೆ. ಉದ್ಧರಿಸುವವನು ತನ್ನ ಆಕರವನ್ನು ಹೆಸರಿಸದೆ ‘ಉಕ್ತಂ ಚ’ ಎಂದಷ್ಟೇ ಬರೆದು ಮುಂದುವರಿದಿದ್ದರೆ ಈ ಸಾಕ್ಷ್ಯವು ನಮಗೆ ದೊರೆಯುತ್ತಿರಲಿಲ್ಲ.

ಕನ್ನಡ ಕವಿಗಳ ಪೂರ್ವಕವಿಸ್ಮರಣೆಯಲ್ಲಿಯೂ ಇದೇ ನ್ಯಾಯವು ಕಂಡುಬರುತ್ತದೆ. ಅಸಗನು ತನ್ನ ಸಂಸ್ಕೃತ ವರ್ಧಮಾನಚರಿತದಲ್ಲಿ ಹೇಳುವ 910ನೆಯ ಸಂವತ್ಸರವನ್ನು ಶಕವೆಂದು ಎಣಿಸಿದರೆ ಕ್ರಿ.ಶ. 988 ಆಗುತ್ತದೆ, ವಿಕ್ರಮಶಕವೆಂದು ಎಣಿಸಿದರೆ 853 ಆಗುತ್ತದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ (939-967) ಆಶ್ರಯದಲ್ಲಿದ್ದ ಪೊನ್ನನು ಅಸಗನನ್ನು ಹೆಸರಿಸಿರುವುದರಿಂದ 853 ಎಂಬ ಪಕ್ಷವೇ ಉಳಿಯುತ್ತದೆ. ಒಂದು ಶತಮಾನದ ಅಂತರದಲ್ಲಿ ಬಂದ ಒಂದು ಹೆಸರು ಎರಡು ಗಣನೆಗಳ ವಿವಾದವನ್ನು ತೀರಿಸಿತು. ಅದೇ ಅಸಗನ ಹೆಸರು ಸುಮಾರು 1260ರ ಕೇಶಿರಾಜನ ಶಬ್ದಮಣಿದರ್ಪಣದಲ್ಲಿ ಪ್ರಮಾಣಕವಿಗಳ ಸಾಲಿನಲ್ಲಿ ಮತ್ತೆ ಕಾಣಿಸುತ್ತದೆ. ಇಲ್ಲಿ ನಾಲ್ಕು ಶತಮಾನಗಳು ಕಳೆದಿವೆ. ಅಸಗನ ಕನ್ನಡಕೃತಿಯಾದರೋ ನಮಗೆ ಉಳಿದುಬಂದಿಲ್ಲ. ಗ್ರಂಥಕ್ಕಿಂತ ಉಲ್ಲೇಖವೇ ದೀರ್ಘಾಯುವಾದ ಸಂದರ್ಭವಿದು.

ಇನ್ನು ಮುದ್ರಣಯುಗದಲ್ಲಿ ಪದ್ಮಪ್ರಭರ ವಿಷಯವು ಹೇಗೆ ಸಾಗಿತೆಂಬುದನ್ನು ನೋಡೋಣ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯ ಕರ್ನಾಟಿಕದ ಹನ್ನೆರಡನೆಯ ಸಂಪುಟವು, ತುಮಕೂರು ಜಿಲ್ಲೆಯ ಶಾಸನಗಳನ್ನು ಒಳಗೊಂಡು, 1904ರಲ್ಲಿ ಹೊರಬಂದಿತು. ಅಂದಿನ ವಿಭಾಗಕ್ರಮದಂತೆ ಶಿರಾ, ಮದ್ದಗಿರಿ, ಪಾವಗಡಗಳಿಗೆ ಅದರಲ್ಲಿ ಬೇರೆ ಬೇರೆ ಸ್ಥಾನವಿದೆ. ಕೊರಟಗೆರೆಯು ಆಗ ಮದ್ದಗಿರಿಗೆ ಸೇರಿದ ಉಪತಾಲ್ಲೂಕು. ನಿಡುಗಲ್ಲಿನ ಶಾಸನವು ಪಾವಗಡದ ಭಾಗದಲ್ಲಿ ಅಚ್ಚಾಗಿದೆ. 1908ರಲ್ಲಿ ಫ್ರೆಂಚ್ ವಿದ್ವಾಂಸ ಗೆರಿನೊ ಅವರು ಅದುವರೆಗೆ ಪ್ರಕಟವಾಗಿದ್ದ ಜೈನಶಾಸನಗಳ ಸೂಚಿಯನ್ನು ಸಿದ್ಧಪಡಿಸಿದರು. 1916ರಲ್ಲಿ ನಿಯಮಸಾರವು ಪದ್ಮಪ್ರಭರ ಟೀಕೆಯೊಡನೆಯೂ ಬ್ರಹ್ಮಚಾರಿ ಶೀತಲಪ್ರಸಾದರ ಹಿಂದೀ ವಿವರಣೆಯೊಡನೆಯೂ ಮುಂಬಯಿಯಲ್ಲಿ ಮುದ್ರಿತವಾಯಿತು. ಹೀಗೆ ಟೀಕಾಕಾರರ ಹೆಸರು ಕಲ್ಲಿನ ಮೂಲಕ ಒಮ್ಮೆ, ಗ್ರಂಥದ ಮೂಲಕ ಮತ್ತೊಮ್ಮೆ ವಿದ್ವಾಂಸರ ಕೈಗೆ ಬಂದಿದ್ದಿತು. ಡಾ. ಎ. ಎನ್. ಉಪಾಧ್ಯೆ ಅವರು ಪದ್ಮಪ್ರಭರನ್ನೂ ಅವರ ಟೀಕೆಯನ್ನೂ ಕುರಿತ ತಮ್ಮ ಲೇಖನವನ್ನು ಮುಂಬಯಿ ವಿಶ್ವವಿದ್ಯಾನಿಲಯದ ಪತ್ರಿಕೆಯಲ್ಲಿ ಪ್ರಕಟಿಸಿದ್ದು 1942ರಲ್ಲಿ. ಟೀಕೆಯಲ್ಲಿ ಉದ್ಧೃತರಾದ ಗ್ರಂಥಕಾರರನ್ನು ಪರಿಶೀಲಿಸಿ, ಶಾಸನಸಾಕ್ಷ್ಯವನ್ನು ಅದಕ್ಕೆ ಸೇರಿಸಿ, ಟೀಕಾಕಾರರ ಕಾಲವನ್ನು ಅವರು ಸ್ಥಿರಪಡಿಸಿದರು. ಅಲ್ಲಿಂದ ಹದಿನೈದು ವರ್ಷಗಳ ಮೇಲೆ, 1957ರಲ್ಲಿ, ಪಿ. ಬಿ. ದೇಸಾಯಿ ಅವರ ದಕ್ಷಿಣಭಾರತದ ಜೈನಧರ್ಮವನ್ನು ಕುರಿತ ಗ್ರಂಥವು ಸೊಲ್ಲಾಪುರದ ಜೀವರಾಜ ಜೈನ ಗ್ರಂಥಮಾಲೆಯಲ್ಲಿ ಪ್ರಕಟವಾಗಿ, ಈ ಸೀಮೆಯ ಜೈನಕೇಂದ್ರಗಳು ವಿಶಾಲವಾದ ಇತಿಹಾಸದಲ್ಲಿ ಸ್ಥಾನ ಪಡೆದವು.

ಶಾಸನದ ಮುದ್ರಣದಿಂದ ಉಪಾಧ್ಯೆ ಅವರ ಲೇಖನಕ್ಕೆ ಮೂವತ್ತೆಂಟು ವರ್ಷ. ಗ್ರಂಥದ ಮುದ್ರಣದಿಂದ ಇಪ್ಪತ್ತಾರು ವರ್ಷ. ಈ ವಿಳಂಬಕ್ಕೆ ಮೂರು ಕಾರಣಗಳನ್ನು ಊಹಿಸಬಹುದು. ಮೊದಲನೆಯದು ಆಡಳಿತದ ಗಡಿ. ನಿಡುಗಲ್ಲು ಮೈಸೂರು ಸಂಸ್ಥಾನದಲ್ಲಿಯೂ ಪಾಟಶಿವರಂ ಮದ್ರಾಸ್ ಪ್ರಾಂತದ ಅನಂತಪುರ ಜಿಲ್ಲೆಯಲ್ಲಿಯೂ ಇದ್ದುದರಿಂದ ಇವೆರಡರ ಶಾಸನಗಳು ಬೇರೆ ಬೇರೆ ಇಲಾಖೆಗಳ ಸಂಪುಟಗಳಿಗೆ ಸೇರಿದವು. ಎರಡನೆಯದು ಭಾಷೆ. ಶಾಸನವನ್ನು ಓದುವವನಿಗೆ ಹಳಗನ್ನಡವೂ ಟೀಕೆಯನ್ನು ಓದುವವನಿಗೆ ಪ್ರಾಕೃತ ಸಂಸ್ಕೃತಗಳೂ ಬೇಕು. ಮುದ್ರಿತ ಟೀಕೆಯ ವಿವರಣೆಯು ಹಿಂದಿಯಲ್ಲಿದ್ದಿತು. ಮೂರನೆಯದು ಅಭ್ಯಾಸದ ಭೇದ. ಶಾಸನಜ್ಞನು ಅರಸನ ಹೆಸರನ್ನೂ ತಿಥಿಯನ್ನೂ ಹುಡುಕುವನು. ಪಂಡಿತನು ತತ್ತ್ವಾರ್ಥವನ್ನು ಹುಡುಕುವನು. ಗುರುಪರಂಪರೆಯ ಸಾಲು ಒಬ್ಬನಿಗೆ ಅಲಂಕಾರ, ಮತ್ತೊಬ್ಬನಿಗೆ ಅದೇ ಸರ್ವಸ್ವ. ಎರಡನ್ನೂ ಬಲ್ಲ ಒಬ್ಬ ವಿದ್ವಾಂಸನು ಬರುವವರೆಗೆ ಎರಡೂ ಸಾಕ್ಷ್ಯಗಳು ತಮ್ಮ ತಮ್ಮ ಕಪಾಟುಗಳಲ್ಲಿ ಕಾದಿದ್ದವು. ಕನ್ನಡನಾಡಿನಲ್ಲಿಯೇ ಹುಟ್ಟಿ ಪ್ರಾಕೃತದಲ್ಲಿ ಪಾರಂಗತರಾದ ಉಪಾಧ್ಯೆ ಅವರಿಗೆ ಆ ಯೋಗ್ಯತೆಯಿದ್ದಿತು.

ಈಗ ಎರಡು ವರ್ಷದ ಅಳತೆಯನ್ನು ಇಲ್ಲಿ ಇಟ್ಟು ನೋಡಿದರೆ ಅದರ ಅನೌಚಿತ್ಯವು ತಾನೇ ತಿಳಿಯುತ್ತದೆ. 1904ರ ಶಾಸನಪಾಠದ ಪ್ರಯೋಜನವನ್ನು 1906ರಲ್ಲಿ ಲೆಕ್ಕಹಾಕಿ ಮುಗಿಸಿದ್ದರೆ, ಗೆರಿನೊ ಅವರ ಸೂಚಿಯೂ ಆ ಲೆಕ್ಕಕ್ಕೆ ಬರುತ್ತಿರಲಿಲ್ಲ. ವಿಜ್ಞಾನದಲ್ಲಿಯೂ ಇಂತಹ ಸಂಗತಿಗಳು ಇಲ್ಲದಿಲ್ಲ. ನೆದರ್ಲೆಂಡ್ಸ್ ದೇಶದ ವಾನ್ ರಾನ್ ಅವರು 2004ರಲ್ಲಿ, ಬಹುಕಾಲ ಯಾರ ಗಮನಕ್ಕೂ ಬಾರದೆ ಇದ್ದು ಒಮ್ಮೆಗೇ ಉಲ್ಲೇಖಗಳನ್ನು ಪಡೆಯುವ ಲೇಖನಗಳನ್ನು ‘ನಿದ್ರಿಸುವ ಸುಂದರಿಯರು’ ಎಂದು ಕರೆದರು. ಅವರ ಶಾಸ್ತ್ರದಲ್ಲಿ ಅದು ವಿರಳವಾದ ಅಪವಾದ. ಹಸ್ತಪ್ರತಿ ಮತ್ತು ಶಾಸನಗಳ ಕ್ಷೇತ್ರದಲ್ಲಿ ದೀರ್ಘನಿದ್ರೆಯನ್ನು ಅಪವಾದವೆಂದು ಹೇಳುವುದು ಕಷ್ಟ.

ಇದಕ್ಕೆ ಸಂಬಂಧಿಸಿದ ಮತ್ತೊಂದು ಸಂಗತಿಯನ್ನು ಗಮನಿಸಬೇಕು. ಮೂಲವನ್ನು ಆಧರಿಸಿ ಸಂಗ್ರಹಗ್ರಂಥವೊಂದು ಹುಟ್ಟಿದ ಮೇಲೆ ಉಲ್ಲೇಖವು ಮೂಲವನ್ನು ಬಿಟ್ಟು ಸಂಗ್ರಹಕ್ಕೆ ಸಲ್ಲುತ್ತದೆ. ವೀರಸೇನಾಚಾರ್ಯರ ಧವಲಾಟೀಕೆಯು 816ರಲ್ಲಿ ಸಮಾಪ್ತವಾಯಿತು. ಹತ್ತನೆಯ ಶತಮಾನದ ಉತ್ತರಾರ್ಧದಲ್ಲಿ ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳು ಆ ಸಿದ್ಧಾಂತಸಾಗರದ ಸಾರವನ್ನು ಗೊಮ್ಮಟಸಾರದಲ್ಲಿ ಸಂಗ್ರಹಿಸಿದರು. ಅನಂತರ ಅಧ್ಯಯನ ಅಧ್ಯಾಪನಗಳೆಲ್ಲ ಗೊಮ್ಮಟಸಾರದಲ್ಲಿ ನಡೆದವು. ಧವಲೆಯ ತಾಡಪತ್ರಗಳು ಮೂಡಬಿದಿರೆಯ ಸಿದ್ಧಾಂತಬಸದಿಯಲ್ಲಿ ದರ್ಶನದ ವಸ್ತುವಾಗಿ ಉಳಿದವು. ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅದರ ಮೊದಲ ಭಾಗವು ಮುದ್ರಿತವಾದದ್ದು 1939ರಲ್ಲಿ. ನಮ್ಮ ಇಂದಿನ ಲೇಖನಗಳಲ್ಲಿಯೂ ಇದೇ ಕ್ರಮ ಸಣ್ಣ ಪ್ರಮಾಣದಲ್ಲಿ ನಡೆಯುತ್ತಿದೆ. ದೇಸಾಯಿ ಅವರ ಗ್ರಂಥವನ್ನು ನೋಡಿ ಬರೆಯುವವನು ರೈಸ್ ಅವರ ಸಂಪುಟವನ್ನು ತೆರೆಯದೆ ಬಿಡುತ್ತಾನೆ. ಅವನನ್ನು ನೋಡಿ ಬರೆಯುವವನು ದೇಸಾಯಿ ಅವರನ್ನೂ ಬಿಡುತ್ತಾನೆ. ಎಣಿಸುವವನಿಗೆ ಮೂಲವು ಮರೆತುಹೋದಂತೆ ತೋರುತ್ತದೆ. ಅದಕ್ಕಿಂತ ಹೆಚ್ಚಿನ ಹಾನಿಯೆಂದರೆ ನಡುವೆ ಸೇರಿದ ತಪ್ಪು ಪಾಠವು ಪರೀಕ್ಷೆಯಿಲ್ಲದೆ ಮುಂದುವರಿಯುತ್ತದೆ.

ಉಲ್ಲೇಖದ ಅಭಾವವನ್ನು ಗ್ರಂಥದ ಅಭಾವವೆಂದು ತಿಳಿಯುವುದು ಇನ್ನೊಂದು ದೋಷ. ಒಬ್ಬ ಆಚಾರ್ಯನನ್ನು ಸಮಕಾಲೀನರು ಹೆಸರಿಸಿಲ್ಲವೆಂದ ಮಾತ್ರಕ್ಕೆ ಅವನನ್ನು ಅರ್ವಾಚೀನನೆಂದು ಸಾಧಿಸುವ ವಾದಗಳನ್ನು ನಾವು ಆಗಾಗ ಓದುತ್ತೇವೆ. ಭಾವಾತ್ಮಕವಾದ ಉಲ್ಲೇಖಕ್ಕೆ ಇರುವ ಪ್ರಾಮಾಣ್ಯವು ಮೌನಕ್ಕೆ ಇಲ್ಲ. ಸ್ಮರಿಸುವವನ ಗಣಗಚ್ಛ, ದೇಶ, ವಿಷಯ, ಅವನಿಗೆ ದೊರೆತ ಭಂಡಾರ ಇವುಗಳೆಲ್ಲ ಮೌನಕ್ಕೆ ಕಾರಣವಾಗಬಲ್ಲವು. ಮೌನದ ದೈರ್ಘ್ಯವನ್ನು ನೋಡಿ ಕಾಲವನ್ನು ನಿರ್ಣಯಿಸುವ ಮುನ್ನ ಈ ಕಾರಣಗಳನ್ನು ಒಂದೊಂದಾಗಿ ಪರಿಹರಿಸಬೇಕು.

ಹಾಗೆಂದು ವಿಳಂಬವೆಲ್ಲವೂ ಸಹಜವೆಂದು ಸುಮ್ಮನಿರುವುದೂ ಸಲ್ಲದು. ಕಲ್ಲು ಕಾಯಬಲ್ಲದು, ಅಚ್ಚಾದ ಪುಸ್ತಕವೂ ಒಂದೆರಡು ತಲೆಮಾರು ಕಾಯಬಲ್ಲದು. ತಾಡಪತ್ರಕ್ಕೆ ಅಷ್ಟು ಸಾವಕಾಶವಿಲ್ಲ. ಹುಳು ತಿಂದ ಗರಿಯನ್ನು ಓದಬಲ್ಲ ವಿದ್ವಾಂಸನು ಐವತ್ತು ವರ್ಷದ ಮೇಲೆ ಹುಟ್ಟಿದರೂ ಪ್ರಯೋಜನವಿಲ್ಲ. ಪಂ. ಕೆ. ಭುಜಬಲಿಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡ ಪ್ರಾಂತೀಯ ತಾಡಪತ್ರೀಯ ಗ್ರಂಥಸೂಚಿಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಹೊರಬಂದಾಗ, ತೌಳವದೇಶದ ಭಂಡಾರಗಳಲ್ಲಿ ಏನಿದೆಯೆಂಬುದು ಉತ್ತರದೇಶದ ವಿದ್ವಾಂಸರಿಗೂ ಕುಳಿತಲ್ಲಿಯೇ ತಿಳಿಯುವಂತಾಯಿತು. ಒಂದು ಒಳ್ಳೆಯ ಸೂಚಿಯು ಗ್ರಂಥಕ್ಕೂ ಓದುಗನಿಗೂ ನಡುವಿನ ಅಂತರದಲ್ಲಿ ದಶಕಗಳನ್ನೇ ಕಡಿಮೆ ಮಾಡಬಲ್ಲದು.

ಪಾವಗಡ, ಮಧುಗಿರಿ ಸೀಮೆಯ ಶ್ರಾವಕರ ಮನೆಗಳಲ್ಲಿಯೂ ಬಸದಿಗಳಲ್ಲಿಯೂ ಉಳಿದಿರಬಹುದಾದ ಓಲೆಗಳನ್ನೂ ಕಡತಗಳನ್ನೂ ಈ ದೃಷ್ಟಿಯಿಂದ ಪರಿಶೀಲಿಸುವುದು ಆವಶ್ಯಕ. ಪ್ರತಿಯೊಂದು ಹಸ್ತಪ್ರತಿಯ ವರ್ಣನೆಯಲ್ಲಿ ಆದ್ಯಂತಗಳ ಜೊತೆಗೆ ಅದರಲ್ಲಿ ಉದ್ಧೃತವಾದ ಗ್ರಂಥಗಳ ಮತ್ತು ಗ್ರಂಥಕಾರರ ಹೆಸರುಗಳನ್ನೂ ಪಟ್ಟಿಮಾಡಬೇಕು. ಶಾಸನಗಳಲ್ಲಿ ಬರುವ ಗುರುಪರಂಪರೆಯ ಹೆಸರುಗಳಿಗೂ ಟೀಕಾಕಾರರ ಹೆಸರುಗಳಿಗೂ ಒಂದೇ ಅಕಾರಾದಿಯನ್ನು ರಚಿಸಿದರೆ, 1942ರಲ್ಲಿ ಒಬ್ಬ ಮಹಾವಿದ್ವಾಂಸನ ಪಾಂಡಿತ್ಯಕ್ಕೆ ಮಾತ್ರ ಸಾಧ್ಯವಾದ ಜೋಡಣೆಯನ್ನು ಸಾಮಾನ್ಯ ಅಭ್ಯಾಸಿಯೂ ಮಾಡಬಹುದು. ಲೇಖಕರು ತಾವು ಕಣ್ಣಾರೆ ನೋಡಿದ ಆಕರವನ್ನೂ ಪರರಿಂದ ತಿಳಿದ ಆಕರವನ್ನೂ ಬೇರೆ ಬೇರೆಯಾಗಿ ಹೇಳಬೇಕು. ನಿಯಮಸಾರದ ಟೀಕಾಕಾರರು ತಮ್ಮ ಪೂರ್ವಸೂರಿಗಳನ್ನು ಒಬ್ಬೊಬ್ಬರನ್ನಾಗಿ ಗೌರವದಿಂದ ಹೆಸರಿಸಿದ ಪದ್ಧತಿಯು ಈ ವಿಷಯದಲ್ಲಿ ನಮಗೆ ಮೇಲ್ಪಂಕ್ತಿಯಾಗಿದೆ. ಅವರು ಹೆಸರಿಸಿದ್ದರಿಂದ ಮಹಾಸೇನರ ವಿಷಯವು ನಮಗೆ ತಿಳಿಯಿತು. ನಾವು ಇಂದು ಆಕರವನ್ನು ಹೆಸರಿಸಿ ಬರೆದಿಟ್ಟ ಒಂದು ಸಾಲು ಯಾವ ಕಾಲದಲ್ಲಿ ಯಾರ ಸಂಶಯವನ್ನು ಪರಿಹರಿಸುವುದೋ ಹೇಳಲಾಗದು. ಅದು ಆ ಕಾಲದವರೆಗೆ ಶುದ್ಧವಾಗಿ ಉಳಿಯುವಂತೆ ಬರೆಯುವುದು ನಮ್ಮ ಕರ್ತವ್ಯ.